ಕಿವಿಗೆ ಹಿಡಿದ ಬಿಸ್ಕೀಟು

ನಮ್ಮ ದೊಡ್ಡವ್ವ ಬಿಸ್ಕೀಟನ್ನು ಮೊದಲು ಕಿವಿಯಿಂದ ತಿನ್ನುತ್ತಾಳೆ. ಬಾಯಿಯ ಸರದಿ ಆಮೇಲೆ. ನೀವು ನಗಬಹುದು, ಅವಳೆದುರು ಮಾತ್ರ ನಗಬೇಡಿ.

ಅವಳು ನಮ್ಮವ್ವನ ಅಕ್ಕ. ನಾನು ಬೆಳೆದದ್ದು ಧಾರವಾಡದ ಅವಳ ಪತ್ರಾಸಿನ, ಅಂದರೆ ತಗಡಿನ ಚಾವಣಿಯ, ಮನೆಯಲ್ಲಿ. ಬಿಸ್ಕೀಟನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ‘ಟಕ್’ ಅಂದರೆ ಪಾಸು. ಸದ್ದಿಲ್ಲದೆ ಮುರಿದರೆ ನಪಾಸು. ಮರುಪರೀಕ್ಷೆ ಇಲ್ಲ.

ಒಂದು ಕ್ರಿಸ್‌ಮಸ್‌ಗೆ ನಮ್ಮ ಚರ್ಚಿನ ಅಯ್ಯನವರ ಹೆಂಡತಿ ತಾವೇ ಮಾಡಿದ ಬಿಸ್ಕೀಟು ತಂದರು. ದೊಡ್ಡವ್ವ ಅವರೆದುರಿಗೇ ಒಂದನ್ನು ಕಿವಿಗೆ ಹಿಡಿದು ಮುರಿದಳು.

“ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾರ. ನಿಮ್ಮ ಬಿಸ್ಕೀಟು ಮಾತಾಡವಲ್ದು.”

“ಹಬ್ಬದ ದಿವಸಾನೂ ಪರೀಕ್ಷಾ ಏನ್ರಿ ಅಕ್ಕಾರ?” ಎಂದರು ಅವರು. ನಾನು ಗೋಡೆ ನೋಡುತ್ತ ಕುಳಿತೆ.

ನಮ್ಮ ಮನೆಯಲ್ಲಿ ಭಟ್ಟಿ ಎಲ್ಲಿಂದ ಬರಬೇಕು? ಡಿಸೆಂಬರಿನಲ್ಲಿ ಮೈದಾ, ಸಕ್ಕರೆ, ತುಪ್ಪ ಹೊತ್ತು ಓಣಿಯ ಬೇಕರಿಗೆ ಹೋಗುತ್ತಿದ್ದೆವು. ಬೇಯಿಸಿಕೊಡುವುದು ಬೇಕರಿ ಕಾಕಾನ ಕೆಲಸ. ಭಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಅವನನ್ನು ಕಾಯುವುದು ದೊಡ್ಡವ್ವನ ಕೆಲಸ. ಬೆಂದ ಬಿಸ್ಕೀಟನ್ನು ಕೆನ್ನೆಗೆ ಒತ್ತಿಕೊಂಡು ನೋಡುವಳು. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಬೆವರುತ್ತವೆ, ತಡಮಾಡಿದರೆ ಗಾಳಿ ಬಡಿಯುತ್ತದೆ.

“ಮನಿಗೆ ಹೋಗ್ರಿ ಅಕ್ಕಾರ, ನಿಮ್ಮ ಬಿಸ್ಕೀಟು ಓಡಿಹೋಗೂದಿಲ್ಲ,” ಎನ್ನುತ್ತಿದ್ದ ಕಾಕಾ.

“ಓಡಿಹೋದ್ರ ಹುಡುಕಿ ತರ್ತೇನಿ. ಮೆತ್ತಗಾದ್ರ ಏನ್ ಮಾಡ್ಲಿ?”

ಕೊನೆಗೆ ಕಾಕಾ ತನ್ನ ಬೇಕರಿಯ ದೊಡ್ಡ ಚೌಕ ಡಬ್ಬಿಯೊಂದನ್ನು ತಂದು ಕೊಟ್ಟ. “ಇದರಾಗ ಇರಿವಿನೂ ಹೋಗೂದಿಲ್ಲ, ಗಾಳಿನೂ ಹೋಗೂದಿಲ್ಲ. ಇನ್ನ ನನ್ನ ಬಿಟ್ಟಬಿಡ್ರಿ.”

ಅಂದಿನಿಂದ ಆ ಡಬ್ಬಿ ತೆರೆಯುವುದು ಮನೆಯಲ್ಲೊಂದು ಆರಾಧನೆಯೇ ಆಯಿತು. ಫ್ಯಾನು ಬಂದ್. ಕಿಟಕಿ ಬಂದ್. ಒಣಗಿದ ಕೈ ಒಂದೇ ಒಳಗೆ ಹೋಗಬೇಕು. “ಲಗೂ ತಗೋ, ಮುಚ್ಚಳಾ ಹಾಕ್ಬೇಕು,” ಎಂಬ ಅವಳ ಮಾತು ಮುಗಿಯುವುದರೊಳಗೆ ಕೈ ಹೊರಗೆ ಬರಬೇಕು. ಬರದಿದ್ದರೆ ಮುಚ್ಚಳ ಕೈಯ ಮೇಲೆಯೇ ಬೀಳುತ್ತಿತ್ತು. ಆ ಡಬ್ಬಿಯ ಬಿಸ್ಕೀಟು ಈಸ್ಟರಿಗೂ ಟಕ್ ಅನ್ನುತ್ತಿದ್ದವು. ಚರ್ಚಿನಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಸದ್ದಿನಲ್ಲೇ ಇತ್ತು.

ಈಗ ನನ್ನದೊಂದು ಮಾತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪದವಿ ಪತ್ರ ಕೈಗೆ ಬಂದ ಮಳೆಗಾಲದಲ್ಲೇ ಪತ್ರಾಸು ಸೋರಿ, ಟ್ರಂಕಿನಲ್ಲಿದ್ದ ಹತ್ತನೇ ತರಗತಿಯ ಅಂಕಪಟ್ಟಿ ನೆಂದು ಮುದ್ದೆಯಾಯಿತು. ಅದರ ನಕಲು ಪಡೆಯಲು ಎಷ್ಟು ಅಲೆದೆನೋ. ಪದವಿ ಪತ್ರವನ್ನೂ ಉಳಿದ ಅಂಕಪಟ್ಟಿಗಳನ್ನೂ ದೊಡ್ಡವ್ವನ ಕೈಗೆ ಕೊಟ್ಟು, “ನೀರು ಬೀಳದ ಕಡೆ ಇಡು,” ಎಂದೆ. “ಇಡ್ತೇನಿ,” ಎಂದಳು. ಎಲ್ಲಿ ಎಂದು ನಾನು ಕೇಳಲಿಲ್ಲ.

ಆ ಕ್ರಿಸ್‌ಮಸ್‌ಗೂ ಬಿಸ್ಕೀಟು ಮಾಡಿಸಿದೆವು. ಅಯ್ಯನವರ ಹೆಂಡತಿ ಬಂದರು, ಬೇಕೆಂದೇ ಒಂದನ್ನು ಕಿವಿಗೆ ಹಿಡಿದು ಮುರಿದರು. ಸದ್ದಿಲ್ಲ. ಇನ್ನೊಂದು. ಅದೂ ಇಲ್ಲ.

“ಅಕ್ಕಾರ, ನಿಮ್ಮ ಬಿಸ್ಕೀಟೂ ಮಾತು ಮರತಾವಲ್ರಿ.”

“ವಯಸ್ಸಾತ್ರಿ ಅಮ್ಮಾರ. ಹಲ್ಲಿಗೆ ಮೆತ್ತಗಿದ್ರನ ಛಲೋ,” ಎಂದು ದೊಡ್ಡವ್ವ ತಲೆ ತಗ್ಗಿಸಿದಳು. ಹಿಂದಿನ ದಿನವಷ್ಟೇ ಅದೇ ಹಲ್ಲಿನಿಂದ ಕಬ್ಬು ಸಿಗಿದಿದ್ದಳು.

ಜನವರಿಯಲ್ಲಿ ನನಗೆ ಕೆಲಸಕ್ಕೆ ಕರೆ ಬಂತು. ಮೂಲ ದಾಖಲೆ ತರಬೇಕೆಂದಿದ್ದರು. ಪದವಿ ಪತ್ರ ಕೇಳಿದೆ. ದೊಡ್ಡವ್ವ ಎದ್ದು ಫ್ಯಾನು ಆರಿಸಿದಳು. ಕಿಟಕಿ ಮುಚ್ಚಿದಳು. ಚೌಕ ಡಬ್ಬಿ ತಂದಳು. ಒಳಗೆ ಒಂದು ಚೂರು ಬಿಸ್ಕೀಟೂ ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ನನ್ನ ಕಾಗದಗಳಿದ್ದವು. ಬಿಸ್ಕೀಟಿನ ಪ್ಲಾಸ್ಟಿಕ್ ಚೀಲ ಅಡುಗೆಮನೆಯ ಗೂಟಕ್ಕೆ ಜೋತಾಡುತ್ತಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು.

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಪದವಿ ಪತ್ರವನ್ನು ತೆಗೆದು ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಕಾಗದ ಸದ್ದು ಮಾಡಿತು.

“ಗರಿಗರಿ ಐತಿ,” ಎಂದಳು. “ಲಗೂ ತಗೋ, ಮುಚ್ಚಳಾ ಹಾಕ್ಬೇಕು.”