ಅವ್ವನ ಹಾಡು, ಲ್ಯಾಪ್‌ಟಾಪಿನ ನಿದ್ದೆ

ಕಂಪ್ಯೂಟರಿನ ನಿದ್ದೆಯ ವಿಷಯದಲ್ಲಿ ನಾನು ದೊಡ್ಡ ಪಂಡಿತನೆಂದು ನಾಗಪುರದ ಪ್ರತಾಪ ನಗರದ ನಮ್ಮ ಗಲ್ಲಿಯಲ್ಲಿ ಹೆಸರಾಗಿದೆ. ಒಬ್ಬರ ಲ್ಯಾಪ್‌ಟಾಪ್ ಮಲಗಿದರೆ ಏಳುವುದಿಲ್ಲ, ಇನ್ನೊಬ್ಬರದು ಮಲಗುವುದೇ ಇಲ್ಲ. ನಾನು ಹೋಗಿ ಪವರ್ ಸೆಟ್ಟಿಂಗ್ಸ್ ತೆರೆದು, ಗಂಭೀರವಾಗಿ ಹೂಂಗುಟ್ಟಿ, ಚಹಾ ಕುಡಿದು, ಸರಿಮಾಡಿ ಬರುತ್ತೇನೆ. ಆದರೆ ನನ್ನ ಮನೆಯಲ್ಲೇ ಮಾಡಿದ ಎಡವಟ್ಟನ್ನು ಗಲ್ಲಿಯಲ್ಲಿ ಯಾರಿಗೂ ಹೇಳಿಲ್ಲ.

ನಮ್ಮ ಅವ್ವನಿಗೆ ಬೀಸುವ ಹಾಡುಗಳೆಲ್ಲ ಬಾಯಿಪಾಠ. ಬಾಗಲಕೋಟೆ ಬಿಟ್ಟು ನಾಗಪುರಕ್ಕೆ ಬಂದ ಮೇಲೆ ಬೀಸುವ ಕಲ್ಲೂ ಇಲ್ಲ, ಕೇಳುವವರೂ ಇಲ್ಲ. ಕೊನೆಗೆ ಕನ್ನಡ ಓದಲು ಬಾರದ ನನ್ನ ಮಗಳೇ ಹಟ ಹಿಡಿದಳು: "ಅಪ್ಪಾ, ಅಜ್ಜಿ ಹಾಡೆಲ್ಲಾ ರೆಕಾರ್ಡ್ ಮಾಡು, ಜಲ್ದಿ." ಅವ್ವ ಒಪ್ಪಿದಳು, ಆದರೆ ಒಂದು ಷರತ್ತು. "ನಿಮ್ಮ ಮುಂದ ಹಾಡಾಕ ನಾಚಿಕಿ ಬರ್ತೈತಿ. ಎಲ್ಲಾರೂ ಹೊರಗ ಹೋಗ್ರಿ."

ಲ್ಯಾಪ್‌ಟಾಪ್ ನಡುವೆ ಮಲಗಬಾರದೆಂದು ಸೆಟ್ಟಿಂಗ್ ಬದಲಿಸಿದೆ. ಅಲ್ಲಿ ಎರಡು ಸಾಲುಗಳಿರುತ್ತವೆ: ಕರೆಂಟಿನ ಮೇಲಿದ್ದಾಗ ಒಂದು, ಬ್ಯಾಟರಿಯ ಮೇಲಿದ್ದಾಗ ಇನ್ನೊಂದು. ಗಲ್ಲಿಗೆಲ್ಲ ಇದನ್ನೇ ಬೋಧಿಸುವ ನಾನು ಮೊದಲನೆಯದನ್ನು ಮಾತ್ರ ಬದಲಿಸಿದ್ದೆ. ಮೇ ತಿಂಗಳ ನಾಗಪುರದ ಬಿಸಿಲು; ಅವ್ವ ಬೆವರುತ್ತಿದ್ದಳು. ಕೋಣೆಯಲ್ಲಿ ಪ್ಲಗ್ ಚುಚ್ಚಲು ಇದ್ದದ್ದು ಒಂದೇ ಜಾಗ. ಲ್ಯಾಪ್‌ಟಾಪಿನದನ್ನು ಕಿತ್ತು ಕೂಲರಿನದನ್ನು ಹಾಕಿದೆ, ರೆಕಾರ್ಡಿಂಗ್ ಶುರುಮಾಡಿ, ಅವ್ವನಿಗೆ ಒಂದೆರಡು ಮಾತು ಹೇಳಿ, ಮಗಳೊಂದಿಗೆ ಹೊರಬಿದ್ದೆ.

ಒಂದು ಗಂಟೆ ಬಿಟ್ಟು ಬಂದಾಗ ಅವ್ವನ ಮುಖ ಅರಳಿತ್ತು. "ಎಲ್ಲಾ ಹಾಡೀನಿ ನೋಡು. ಮರತಿದ್ದೂ ನೆನಪಾತು!" ಪರದೆ ಕಪ್ಪಾಗಿತ್ತು. ಎಬ್ಬಿಸಿ ನೋಡಿದರೆ ರೆಕಾರ್ಡ್ ಆದದ್ದು ಹತ್ತೇ ನಿಮಿಷ; ಬ್ಯಾಟರಿಯ ಮೇಲೆ ಅದು ಅಷ್ಟಕ್ಕೇ ಮಲಗಿಬಿಟ್ಟಿತ್ತು. "ಬರೋಬರ್ ಬಂತಾ ಅಪ್ಪಾ?" ಎಂದಳು ಮಗಳು. "ಚಲೋ ಬಂದೈತಿ, ಸ್ವಲ್ಪ ಸ್ವಚ್ಛ ಮಾಡಿ ಕೇಳಿಸ್ತೀನಿ" ಎಂದೆ. ಏನಾದರೂ ನೆಪ ಹೇಳಿ ಅವ್ವನಿಂದ ಇನ್ನೊಮ್ಮೆ ಹಾಡಿಸಿದರಾಯಿತು ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಅವಳಿಗೆ ಲಕ್ವಾ ಹೊಡೆದು ಮಾತು ನಿಂತಿತು. ದೀಪಾವಳಿಗೆ ಅವಳೇ ಇರಲಿಲ್ಲ.

ಆ ಹತ್ತು ನಿಮಿಷವನ್ನು ತೆರೆಯಲು ನನಗೆ ಬಹಳ ದಿನ ಧೈರ್ಯವಾಗಲಿಲ್ಲ. ಹತ್ತು ನಿಮಿಷವೆಂದರೆ ಒಂದೆರಡು ಹಾಡಾದರೂ ಇರುತ್ತವಲ್ಲ ಎಂಬ ಆಸೆಯೊಂದೇ ಉಳಿದಿತ್ತು. ಕಳೆದ ವಾರ ಮಗಳಿಗೆ ನಿಜ ಹೇಳಿದೆ. ಇಬ್ಬರೂ ಕೂತು ಕೇಳಿದೆವು. ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ನಾನೇ ಇದ್ದೇನೆ. ಅವ್ವಾ ಹಂಗ ಕೂಡಬ್ಯಾಡ, ಹಿಂಗ ಕೂಡು, ಇತ್ತ ಮಾರಿ ಮಾಡು, ಭಾಳ ಕೆಮ್ಮಬ್ಯಾಡ, ಇದು ಮಲಗೂದಿಲ್ಲ, ಎಲ್ಲಾ ನಾ ಸರಿ ಮಾಡೀನಿ. ಕಡೆಗೆ ಬಾಗಿಲು ಮುಚ್ಚಿದ ಸದ್ದು. ರೆಕಾರ್ಡಿಂಗ್ ನಿಲ್ಲುವ ಮುನ್ನ ಅವ್ವ ಗಂಟಲು ಸರಿಮಾಡಿಕೊಂಡು ತನ್ನಷ್ಟಕ್ಕೇ ಒಂದೇ ಮಾತು ಅಂದಳು: "ಅಂತೂ ಇವಂದು ಮುಗೀತು."