ಪ್ಲಾಜಾಕ್ಕೆ ಹೋದರೆ ಜೀವ ಬಾಯಿಗೆ

ಲಾಸ್ ಏಂಜಲೀಸ್‌ನ ಹಳೇ ಪ್ಲಾಜಾಕ್ಕೆ ಜನ ಹಾಡು ಕೇಳೋಕೆ, ತಿಂಡಿ ತಿನ್ನೋಕೆ ಹೋಗುತ್ತಾರೆ. ನಾವು ಹೋದಾಗ ಮಾತ್ರ ಏನಾದರೊಂದು ಆಗಿ ಜೀವ ಬಾಯಿಗೆ ಬರುತ್ತದೆ. ಸ್ಪೇನಿನವರ ಕಾಲದಲ್ಲಿ ಊರು ಶುರುವಾದದ್ದೇ ಆ ಚೌಕದ ಸುತ್ತ ಅಂತೆ. ನಡುವೆ ಬ್ಯಾಂಡಿನವರ ಮಂಟಪ, ಸುತ್ತ ದೊಡ್ಡ ಮರಗಳು, ಪಕ್ಕದ ಓಣಿಯಲ್ಲಿ ಸಾಲು ಅಂಗಡಿ. ಹೆದರುವಂಥದ್ದು ಅಲ್ಲಿ ಏನೂ ಇಲ್ಲ. ಹೆದರಿಕೆಯನ್ನು ನಾವೇ ಮನೆಯಿಂದ ಕಟ್ಟಿಕೊಂಡು ಹೋಗುತ್ತಿದ್ದೆವು.

೧. ಕಾಲುಚೀಲ

ಮದುವೆಯಾಗಿ ಮೈಸೂರಿನಿಂದ ಲಾಸ್ ಏಂಜಲೀಸ್ ಹತ್ತಿರದ ಪೊಮೊನಾಕ್ಕೆ ಬಂದು ಎರಡು ತಿಂಗಳಾಗಿತ್ತು, ೧೯೭೧ರ ಮಾತು. ಒಂದು ಭಾನುವಾರ ಪ್ಲಾಜಾ ನೋಡಲು ಹೊರಟೆವು. "ಡೌನ್‌ಟೌನ್‌ನಲ್ಲಿ ಕಳ್ಳರು ಜಾಸ್ತಿ, ಹುಷಾರು" ಎಂದು ಪಕ್ಕದ ಮನೆಯವರು ಹೇಳಿದ್ದೇ ಸಾಕಾಯಿತು. ನಾನು ಮಾಂಗಲ್ಯದ ಸರ ಬಿಚ್ಚಿ, ಕರ್ಚೀಫಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಮ್ಮ ಮನೆಯವರು ಪರ್ಸನ್ನು ಕಾಲುಚೀಲದೊಳಗೆ ತುರುಕಿಕೊಂಡು ಕುಂಟುತ್ತಾ ನಡೆದರು.

ಮಂಟಪ ದಾಟುವಷ್ಟರಲ್ಲಿ ದಪ್ಪ ಮೀಸೆಯ ಮುದುಕನೊಬ್ಬ ಹಿಂದೆಯೇ ಬರುತ್ತಿರುವುದು ಕಂಡಿತು.

"ರೀ, ಅವನು ನಮ್ಮನ್ನೇ ನೋಡ್ತಾ ಬರ್ತಿದಾನೆ."

"ತಿರುಗಿ ನೋಡಬೇಡ. ಬೇಗ ನಡಿ."

ನಾವು ಬೇಗ ನಡೆದರೆ ಅವನೂ ಬೇಗ. ಮಂಟಪಕ್ಕೆ ಮೂರು ಸುತ್ತು ಹಾಕಿದೆವು. ದೇವಸ್ಥಾನವಾಗಿದ್ದರೆ ಪುಣ್ಯವಾದರೂ ಬರುತ್ತಿತ್ತು. ಕೊನೆಗೆ ಅವನು ಅಡ್ಡ ಬಂದು ನಿಂತ. ಅವನು ಮಾತಾಡುವ ಮೊದಲೇ ಇವರು ಬಗ್ಗಿ, ಕಾಲುಚೀಲದಿಂದ ಪರ್ಸ್ ಎಳೆದು, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. "ಟೇಕ್ ಇಟ್ ಸರ್, ಪ್ಲೀಸ್."

ಮುದುಕ ಪರ್ಸ್ ಮುಟ್ಟಲಿಲ್ಲ. ಏದುಸಿರು ಬಿಡುತ್ತಾ ನನ್ನ ಕೈಗೆ ಕರ್ಚೀಫಿನ ಗಂಟು ಇಟ್ಟ. ನನ್ನ ಮಾಂಗಲ್ಯ! ಬಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಅವನು ಇವರನ್ನು ಮೇಲಿಂದ ಕೆಳಗೆ ನೋಡಿ, ಅರ್ಧಂಬರ್ಧ ಇಂಗ್ಲಿಷಿನಲ್ಲಿ ನನಗೆ ಹೇಳಿದ:

"ಅಮ್ಮಾ, ನಿಮ್ಮ ಯಜಮಾನರಿಗೆ ಜೇಬಿರೋ ಪ್ಯಾಂಟ್ ಕೊಡಿಸಿ."

೨. ಬುರುಡೆ

ಕೆಲವು ವರ್ಷದ ಮೇಲೆ ಅತ್ತೆ ಬಂದರು. ನವೆಂಬರ್ ಮೊದಲ ವಾರ ಅವರನ್ನು ಪ್ಲಾಜಾಕ್ಕೆ ಕರೆದುಕೊಂಡು ಹೋದೆ. ಹೋಗಿ ನೋಡಿದರೆ ಎಲ್ಲೆಲ್ಲೂ ಅಸ್ಥಿಪಂಜರ! ಮುಖಕ್ಕೆ ಬುರುಡೆಯ ಹಾಗೆ ಬಣ್ಣ ಬಳಿದುಕೊಂಡ ಹೆಂಗಸರು, ಗಂಡಸರು. ಅತ್ತೆ ನನ್ನ ರಟ್ಟೆಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡರು.

"ಅಯ್ಯೋ ರಾಮ, ಎಲ್ಲಿಗೆ ಕರ್ಕೊಂಡು ಬಂದ್ಯೇ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಕಣ್ಣು ಮುಚ್ಚದೆ ರಾಮರಕ್ಷೆ ಹೇಳಿಕೊಳ್ಳುತ್ತಾ ನಿಂತೆವು. ಆಮೇಲೆ ಅತ್ತೆಗೆ ಚೆಂಡು ಹೂವಿನ ಮಾಲೆ ಕಂಡಿತು. ಹೂವಿನ ನಡುವೆ ಹಿರಿಯರ ಫೋಟೋ, ಮುಂದೆ ಎಡೆ ಇಟ್ಟ ಹಾಗೆ ಅನ್ನ, ಹಣ್ಣು, ನೀರು. ಅತ್ತೆಯ ಹಿಡಿತ ಸಡಿಲವಾಯಿತು.

"ಇದು ಪಿತೃಪಕ್ಷ ಕಣೇ! ಮೊದಲೇ ಹೇಳಬಾರದಿತ್ತಾ?"

ಮೆಕ್ಸಿಕೋದವರು ಸತ್ತ ಹಿರಿಯರನ್ನು ನೆನೆಯುವ ಹಬ್ಬವಂತೆ ಅದು. ಅಲ್ಲಿಂದ ಅವರೇ ಮುಂದೆ. ಒಂದೊಂದು ಫೋಟೋಕ್ಕೂ ಕೈ ಮುಗಿದರು. ಅಸ್ಥಿಪಂಜರದ ಹೆಂಗಸೊಬ್ಬಳು ಸಕ್ಕರೆಯಲ್ಲಿ ಮಾಡಿದ ಪುಟ್ಟ ಬುರುಡೆ ಕೊಟ್ಟಾಗ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡರು. "ಹೇಗೆ ಮಾಡಿದಳು ಅಂತ ಕೇಳೇ." ಕೇಳಿದೆ. ಸಕ್ಕರೆ, ಜೊತೆಗೆ ಮೊಟ್ಟೆಯ ಬಿಳಿ.

ಅವತ್ತು ಅತ್ತೆ ಕಿರುಚಿಕೊಂಡದ್ದು ಅದೊಂದೇ ಸಲ.

೩. ಮೈಕು

ನಮ್ಮ ಪುಟ್ಟಿಗೆ ಐದು ವರ್ಷವಾಗಿದ್ದಾಗ ಸ್ಯಾನ್ ಡಿಯಾಗೋಕ್ಕೆ ಡ್ರೈವ್ ಮಾಡಿಕೊಂಡು ಹೋಗಿದ್ದೆವು. ಅಲ್ಲೂ ಅಂಥದೇ ಹಳೇ ಚೌಕ, ವಿಪರೀತ ಜನ. ಹೆಂಗಸರು ಮೆಕ್ಕೆಜೋಳದ ರೊಟ್ಟಿ ತಟ್ಟುವುದನ್ನು ನೋಡುತ್ತಾ ನಿಂತಿದ್ದೆ. ತಿರುಗಿದರೆ ಪುಟ್ಟಿ ಇಲ್ಲ.

"ರೀ, ಪುಟ್ಟಿ ನಿಮ್ಮ ಹತ್ರ ಇದಾಳಲ್ವಾ?"

"ನಿನ್ನ ಕೈ ಹಿಡ್ಕೊಂಡಿದ್ಲಲ್ಲೇ?"

ಆಮೇಲಿನ ಹತ್ತು ನಿಮಿಷ ನೆನೆದರೆ ಈಗಲೂ ಬೆವರುತ್ತೇನೆ. ಅಂಗಡಿ ಅಂಗಡಿ ನುಗ್ಗಿದೆ. ಚೌಕದಲ್ಲಿಟ್ಟಿದ್ದ ಹಳೇ ಫಿರಂಗಿಯ ಹಿಂದೆ ಬಗ್ಗಿ ನೋಡಿದೆ. ಯಾರೋ ಏನಾಯಿತು ಅಂತ ಕೇಳಿದರೆ, ಕಲಿತ ಇಂಗ್ಲಿಷೆಲ್ಲ ಮರೆತು "ಕೆಂಪು ಲಂಗ, ಕೆಂಪು ಲಂಗ" ಎಂದು ಕನ್ನಡದಲ್ಲೇ ಬಡಬಡಿಸಿದೆ.

ಇವರು ಹಾಡುಗಾರರ ಕಟ್ಟೆ ಹತ್ತಿ ಮೈಕ್ ಕಿತ್ತುಕೊಂಡರು. ಅಳುತ್ತಾ ಎಳೆದೆಳೆದು ಕೂಗಿದರು: "ಪುಟ್ಟೀ... ಅಪ್ಪ ಇಲ್ಲಿದೀನಮ್ಮಾ... ಎಲ್ಲಿದೀಯಮ್ಮಾ... ಬಾರಮ್ಮಾ..."

ಜನ ಇದೂ ಒಂದು ಹಾಡು ಅಂದುಕೊಂಡು ನಿಶ್ಶಬ್ದವಾದರು. ಗಿಟಾರಿನವನು ಮೆಲ್ಲಗೆ ಶ್ರುತಿ ಸೇರಿಸಿದ. ಎರಡನೇ "ಬಾರಮ್ಮಾ"ಕ್ಕೆ ಟ್ರಂಪೆಟ್ಟೂ ಸೇರಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು.

ಆಗ ಗುಂಪನ್ನು ಸರಿಸಿಕೊಂಡು ಪೊಲೀಸಿನವನೊಬ್ಬ ಬಂದ. ಅವನ ಕೈ ಹಿಡಿದುಕೊಂಡು ನಮ್ಮ ಪುಟ್ಟಿ! ಓಡಿಹೋಗಿ ಬಾಚಿ ತಬ್ಬಿಕೊಂಡೆ. ಅವಳು ಆರಾಮಾಗಿದ್ದಳು.

ಪೊಲೀಸಿನವನು ನೋಟ್‌ಬುಕ್ ತೆರೆದು ಓದಿದ: "ಕಾಣೆಯಾದವರು ಮಗುವಿನ ತಂದೆ. ಕನ್ನಡಕ ಇದೆ. ಇಷ್ಟು ಹೊತ್ತಿಗೆ ಅಳುತ್ತಿರಬಹುದು." ಆಮೇಲೆ ಕಟ್ಟೆಯ ಕಡೆ ಬೆರಳು ತೋರಿಸಿ, "ಇವರೇನಾ?" ಎಂದು ಪುಟ್ಟಿಯನ್ನು ಕೇಳಿದ.

ಕನ್ನಡ ಪೂರ್ತಿ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು, ಮೈಕ್ ಹಿಡಿದು ಇನ್ನೂ ಬಿಕ್ಕುತ್ತಿದ್ದ ಅಪ್ಪನನ್ನು ನೋಡಿ ನಿಟ್ಟುಸಿರು ಬಿಟ್ಟಳು.

"ಯೆಸ್. ದಟ್ಸ್ ಹಿಮ್. ಬಟ್ ಫಸ್ಟ್, ಪ್ಲೀಸ್ ಟೇಕ್ ದ ಮೈಕ್ ಅವೇ."