ಹೊಲಿಗೆ ಅಂಗಡಿಯೊಳಗೆ ಒಂದು ಸ್ಟೂಲಿನಷ್ಟು ಜಾಗ ಮಂಜೂರು ಮಾಡುವ ಬಗ್ಗೆ

ಇಂದ:
ನಿವೃತ್ತ ಹಿರಿಯ ಗುಮಾಸ್ತ, ನೀರು ಸರಬರಾಜು ಕಚೇರಿ
ಸದ್ಯದ ವಿಳಾಸ: ಹೊಲಿಗೆ ಅಂಗಡಿಯ ಪರದೆಯ ಹಿಂಭಾಗ

ಗೆ:
ವಲಯ ನಿಯಮಗಳ ಅಧಿಕಾರಿಗಳು
ನಗರ ಯೋಜನಾ ಕಚೇರಿ, ಮೂರನೇ ಮಹಡಿ
(ಲಿಫ್ಟ್ ಕೆಟ್ಟಿರುವ ಕಾರಣ ಅರ್ಜಿದಾರ ಮೆಟ್ಟಿಲು ಹತ್ತಿಯೇ ಬಂದಿದ್ದಾನೆ ಎಂಬುದನ್ನು ಗಮನಿಸುವುದು.)

ವಿಷಯ: ಮಿಶ್ರ ಬಳಕೆ ಕಟ್ಟಡದಲ್ಲಿ ಗಂಡನ ಸ್ಥಾನವನ್ನು ಸ್ಪಷ್ಟಪಡಿಸುವ ಕುರಿತು.

ಉಲ್ಲೇಖ:
(ಅ) ತಮ್ಮ ಕಚೇರಿಯ ಪರಿಷ್ಕೃತ ವಲಯ ನಿಯಮಗಳು, ವಾಣಿಜ್ಯ ಬೀದಿಗಳ ಅಧ್ಯಾಯ.
(ಆ) ನಮ್ಮ ನಡುಮನೆಯಲ್ಲಿ ಹಳದಿ ಬಣ್ಣದಿಂದ ಎಳೆದಿರುವ ಗೆರೆ.
(ಇ) ನನ್ನ ಹೆಂಡತಿಯ ಮೌಖಿಕ ಆದೇಶ: "ರೀ, ಅಲ್ಲೇ ನಿಂತ್ಕೊಳ್ಳಿ."

ಮಾನ್ಯರೇ,

ಇಂಥ ಅರ್ಜಿಗಳನ್ನು ನಾನೇ ಬಹುಕಾಲ ಸ್ವೀಕರಿಸಿ, 'ಪರಿಶೀಲನೆಯಲ್ಲಿದೆ' ಎಂದು ಮೊಹರು ಒತ್ತಿ, ಕಪಾಟಿನ ಕೆಳಗಿನ ಅರೆಗೆ ತಳ್ಳಿದವನು. ಆದ್ದರಿಂದ ಇದು ಎಲ್ಲಿಗೆ ಹೋಗಿ ಸೇರುತ್ತದೆಂಬ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಕಾರಣ, ಹಗಲಿಡೀ ಮನೆಯಲ್ಲಿ ನನ್ನೊಡನೆ ಮಾತಾಡುವವರಿಲ್ಲ, ಮತ್ತು ಅದಕ್ಕೆ ತಮ್ಮ ಕಚೇರಿಯೇ ಹೊಣೆ. ವಿವರ ಈ ಕೆಳಗಿನಂತಿದೆ.

1. ನಮ್ಮ ಮನೆಯ ಮುಂಭಾಗದಲ್ಲಿ ನನ್ನ ಹೆಂಡತಿ ಬಹಳ ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದಾಳೆ. ಹಳೆಯ ನಿಯಮಗಳ ಪ್ರಕಾರ ನಮ್ಮದು ಬರೀ ವಾಸದ ಬೀದಿ. ಅಲ್ಲಿ ಹೆಂಡತಿ ಗಂಡನ ಅಂಗಿ ಹೊಲಿದರೆ ಗೃಹಕೃತ್ಯ, ಎದುರು ಮನೆಯವರ ಅಂಗಿ ಹೊಲಿದರೆ ಅಪರಾಧ. ಆದ್ದರಿಂದ ತಮ್ಮ ಕಚೇರಿಯ ಜೀಪು ತಿರುವಿನಲ್ಲಿ ಕಂಡೊಡನೆ ಪಕ್ಕದ ಬೀಗ ರಿಪೇರಿಯವನು (ಅವನದೂ ಅದೇ ಬಗೆಯ ಅಪರಾಧ) ಜೋರಾಗಿ ಕೆಮ್ಮತಕ್ಕದ್ದು, ಕೆಮ್ಮು ಕೇಳಿದೊಡನೆ ನಾವು ಯಂತ್ರವನ್ನು ಮಂಚದ ಪಕ್ಕಕ್ಕೆ ತಳ್ಳಿ ಕಂಬಳಿ ಹೊದಿಸತಕ್ಕದ್ದು ಎಂಬ ಏರ್ಪಾಡಿತ್ತು. ಒಮ್ಮೆ ಅಧಿಕಾರಿಯೊಬ್ಬರು ಕಂಬಳಿಯತ್ತ ನೋಡಿ "ಯಾರಮ್ಮ ಇದು?" ಎಂದು ಕೇಳಿಬಿಟ್ಟರು. ಹೆಂಡತಿ ಗಾಬರಿಯಲ್ಲಿ "ನಮ್ಮತ್ತೆ ಸಾರ್, ಹುಷಾರಿಲ್ಲ" ಅಂದುಬಿಟ್ಟಳು. ಅಂದಿನಿಂದ ಜೀಪು ಬಂದಾಗಲೆಲ್ಲ ನನ್ನ ತಾಯಿಗೆ ಹುಷಾರು ತಪ್ಪುತ್ತಿತ್ತು. ನನ್ನ ತಾಯಿ ಆ ಕಾಲಕ್ಕೆ ನನ್ನ ತಮ್ಮನ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದರು. ಅದೇ ಅಧಿಕಾರಿ ಇನ್ನೊಮ್ಮೆ ಬರುವಾಗ ಕಂಬಳಿಗೆಂದು ಹಣ್ಣು ತಂದಿದ್ದರು. ಅವರು ಒಳ್ಳೆಯವರು. ಅವರು ಹೋಗುವವರೆಗೆ ನನ್ನ ಹೆಂಡತಿ ಕಂಬಳಿಯ ಅಂಚು ಬಿಡಲಿಲ್ಲ.

2. ಇನ್ನು ನನ್ನ ಸ್ಥಾನ. ಯಂತ್ರದ ಎಡಗಡೆ ಒಂದು ಮರದ ಸ್ಟೂಲು. ನಿವೃತ್ತನಾದ ಮೇಲೆ ನಾನು ಅದರ ಮೇಲೆ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಅವಳು ಯಂತ್ರ ತುಳಿಯುತ್ತ ಕೇಳುವುದು ನಡೆದುಬಂದ ಪದ್ಧತಿ. ಸುದ್ದಿ ಚೆನ್ನಾಗಿದ್ದರೆ ಯಂತ್ರ ನಿಲ್ಲುತ್ತಿತ್ತು. ಮಂತ್ರಿಗಳ ಭಾಷಣಕ್ಕೆ ಒಮ್ಮೆಯೂ ನಿಂತದ್ದಿಲ್ಲ. ಕದಿಯಲು ಹೊಕ್ಕ ಮನೆಯಲ್ಲೇ ಹಾಸಿಗೆ ಮೆತ್ತಗಿದೆಯೆಂದು ನಿದ್ದೆ ಹೋಗಿ ಸಿಕ್ಕಿಬಿದ್ದ ಕಳ್ಳನ ಸುದ್ದಿಗೆ ನಿಂತದ್ದು ಊಟದ ಹೊತ್ತಿನವರೆಗೂ ಮತ್ತೆ ಶುರುವಾಗಲಿಲ್ಲ. ನಡುನಡುವೆ ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ, ಗಿರಾಕಿಗಳ ಸೊಂಟದ ಅಳತೆಯ ಬಗ್ಗೆ ಅಭಿಪ್ರಾಯವನ್ನೂ ಕೊಡುತ್ತಿದ್ದೆ. ಎರಡನೆಯದನ್ನು ಯಾರೂ ಕೇಳಿರಲಿಲ್ಲವೆಂದು ಇತ್ತೀಚೆಗೆ ತಿಳಿದುಬಂದಿದೆ.

3. ಹೀಗಿರುವಲ್ಲಿ ತಾವು ನಿಯಮಗಳನ್ನು ಪರಿಷ್ಕರಿಸಿ ನಮ್ಮ ಬೀದಿಯನ್ನು ವಾಣಿಜ್ಯ ಬೀದಿ ಎಂದು ಘೋಷಿಸಿದಿರಿ. ರಸ್ತೆಯಂಚಿನಿಂದ ಇಪ್ಪತ್ತು ಅಡಿ ಅಂಗಡಿ, ಅದರಾಚೆ ವಾಸ. ಎರಡೂ ಸೇರಿದರೆ ಮಿಶ್ರ ಬಳಕೆ ಕಟ್ಟಡ. ಹೆಂಡತಿಯ ಹೆಸರಿಗೆ ಪರವಾನಗಿ ಬಂತು. ಅವಳು ಅದಕ್ಕೆ ಕಟ್ಟು ಹಾಕಿಸಿ ಯಂತ್ರದ ಮೇಲುಗಡೆ ತೂಗುಹಾಕಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಹತ್ತಿರ ಹೋಗಿ ಸೆರಗಿನಿಂದ ಗಾಜು ಒರೆಸಿದಳು. ಆ ದಿನ ನನಗಾದ ಸಂತೋಷವನ್ನು ಇಲ್ಲಿ ನಮೂದಿಸದಿದ್ದರೆ ಈ ಅರ್ಜಿ ಸುಳ್ಳಾಗುತ್ತದೆ. ಜೀಪು ಅಂದೂ ಬಂದಿತ್ತು. ಬೀಗದವನು ಅಭ್ಯಾಸಬಲದಿಂದ ಕೆಮ್ಮಿದ, ನಾನು ಕಂಬಳಿಗೆ ಓಡಿದೆ, ಆಮೇಲೆ ಮೂವರೂ ನಕ್ಕೆವು.

4. ಮುಂದಿನ ವಾರ ಟೇಪು ಹಿಡಿದ ಪರಿವೀಕ್ಷಕರು ಬಂದರು. ಬೀದಿಯವರು ಇವರನ್ನು ಟೇಪಣ್ಣ ಎನ್ನುತ್ತಾರೆ. ಚರಂಡಿಯ ಕಲ್ಲಿನಿಂದ ಅಳೆಯುತ್ತ ಒಳಗೆ ಬಂದು, ನಡುಮನೆಯಲ್ಲಿ ಬಗ್ಗಿ ಹಳದಿ ಗೆರೆ ಎಳೆಯತೊಡಗಿದರು. ಗೆರೆ ಕಿಟಕಿಯ ಕೆಳಗಿನಿಂದ ಹೊರಟು, ಬಟ್ಟೆ ಬೀರುವಿನ ಮೂಲೆ ಸವರಿಕೊಂಡು, ಕುರ್ಚಿಯಲ್ಲಿ ಕೂತಿದ್ದ ನನ್ನ ಕಾಲಬುಡಕ್ಕೆ ಬಂದು ನಿಂತಿತು.

"ಸ್ವಲ್ಪ ಕಾಲೆತ್ತಿ ಸಾರ್."

"ಎತ್ತಿದೆ. ಆಮೇಲೆ ಯಾವ ಕಡೆ ಇಡೋದು?"

"ನೀವು ವಾಸಾನೋ, ವ್ಯಾಪಾರಾನೋ?"

"ನಾನು ಗಂಡ."

"ಹಾಗಾದ್ರೆ ವಾಸ. ಹಿಂದಕ್ಕೆ ಇಟ್ಕೊಳ್ಳಿ."

ಆಮೇಲೆ ಅವರು ಹೆಂಡತಿಗೆ ನಿಯಮ ಓದಿ ಹೇಳಿದರು: ಅಂಗಡಿಗೂ ಮನೆಗೂ ಬೇರೆ ಬೇರೆ ಬಾಗಿಲಿರತಕ್ಕದ್ದು, ನಡುವೆ ಓಡಾಟ ಇರತಕ್ಕದ್ದಲ್ಲ, ವಾಸದ ಭಾಗದವರು ಅಂಗಡಿಯಲ್ಲಿ ಕಾಲಹರಣ ಮಾಡತಕ್ಕದ್ದಲ್ಲ, ತಪ್ಪಿದಲ್ಲಿ ಪರವಾನಗಿ ರದ್ದು. ನನ್ನನ್ನು ಒಮ್ಮೆಯೂ ನೋಡದೆ ಇಷ್ಟು ಸರಿಯಾಗಿ ಹೇಗೆ ಬರೆದರು ಎಂದು ಹೆಂಡತಿ ಆಶ್ಚರ್ಯಪಟ್ಟಳು. ಅದೇ ಮಧ್ಯಾಹ್ನ ಉಳಿಕೆ ಬಟ್ಟೆಗಳನ್ನು ಜೋಡಿಸಿ ಒಂದು ದಪ್ಪ ಪರದೆ ಹೊಲಿದು, ಗೆರೆಯ ನೇರಕ್ಕೆ ಇಳಿಬಿಟ್ಟಳು. ಸ್ಟೂಲು ಆ ಕಡೆ ಉಳಿಯಿತು, ನಾನು ಈ ಕಡೆ.

5. ಅಂಗಡಿ ಮುಚ್ಚಿದ ಮೇಲೆ ಹೆಂಡತಿ ಪರದೆ ಸರಿಸಿ ಒಳಗೆ ಬರಬಹುದಲ್ಲ ಎಂದು ತಾವು ಕೇಳಬಹುದು. ಓಡಾಟ ಇರತಕ್ಕದ್ದಲ್ಲ ಎಂದಿದೆಯಲ್ಲ? ಆದ್ದರಿಂದ ಅವಳು ಸಂಜೆ ಶಟರ್ ಎಳೆದು, ಊಟದ ಡಬ್ಬಿ ಹಿಡಿದು, ಬೀಗದ ಅಂಗಡಿ ದಾಟಿ, ಓಣಿ ಸುತ್ತಿ, ಹಿಂಬಾಗಿಲು ತಟ್ಟುತ್ತಾಳೆ. "ಉಸ್ಸಪ್ಪಾ, ಬಂದೆ ರೀ" ಅನ್ನುತ್ತಾಳೆ. ನಾನು "ದಾರಿಯಲ್ಲಿ ತೊಂದರೆ ಆಗ್ಲಿಲ್ಲ ತಾನೆ?" ಎಂದು ಕೇಳುತ್ತೇನೆ. ಊಟವಾದ ಮೇಲೆ ಪತ್ರಿಕೆ ತೆಗೆದರೆ ಮೊದಲ ಸುದ್ದಿ ಮುಗಿಯುವ ಮೊದಲೇ ಅವಳಿಗೆ ನಿದ್ದೆ. ಅವಳ ತಪ್ಪಲ್ಲ, ಕೆಲಸ ಹೆಚ್ಚಾಗಿದೆ. ಬೋರ್ಡು ಹಾಕಿದ ಮೇಲೆ ಗಿರಾಕಿಗಳೂ ಹೆಚ್ಚಿದ್ದಾರೆ.

6. ಪರದೆಯ ಹಿಂದಿನಿಂದ ಓದುವ ಪ್ರಯತ್ನವನ್ನೂ ಮಾಡಲಾಯಿತು. ಓಡಾಟಕ್ಕೆ ತಡೆಯಿದೆಯೇ ಹೊರತು ದನಿಗೆ ತಡೆಯಿಲ್ಲ ಎಂಬುದು ನನ್ನ ವಾದ. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೆಯ ದಿನ ಟೇಪಣ್ಣನವರ ದನಿ ಕೇಳಿತು.

"ಒಳಗೆ ಯಾರಮ್ಮ ಮಾತಾಡ್ತಿರೋದು?"

"ರೇಡಿಯೊ, ಸಾರ್."

ಕಂಬಳಿಯನ್ನು ಅತ್ತೆ ಮಾಡಿದವಳಿಗೆ ಗಂಡನನ್ನು ರೇಡಿಯೊ ಮಾಡುವುದು ಎಷ್ಟು ಹೊತ್ತಿನ ಕೆಲಸ? ನಾನೂ ಸಹಕರಿಸಿ, ಹವಾಮಾನ ವರದಿಯನ್ನು ರೇಡಿಯೊದವರ ಹಾಗೆ ಮೂಗಿನಲ್ಲಿ ಓದಿದೆ. ಟೇಪಣ್ಣನವರು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿದೆ. ಆದ್ರೆ ಅಂಗಡೀಲಿ ರೇಡಿಯೊ ಹಾಕೋಕೆ ಬೇರೆ ಪರವಾನಗಿ ಬೇಕಮ್ಮ" ಅಂದರು. ಹೆಂಡತಿ ಪರದೆಯ ಹತ್ತಿರ ಬಂದು, "ಆಫ್ ಆಗ್ರೀ" ಎಂದು ಪಿಸುಗುಟ್ಟಿದಳು. ಅಂದಿನಿಂದ ನಾನು ಆಫ್ ಆಗಿದ್ದೇನೆ.

7. (ಈ ಅಂಶವು ಬೀಗದವನ ಹೆಂಡತಿ ಅಂಗಡಿಗೆ ಬಂದು ನನ್ನ ಬಗ್ಗೆ ಆಡಿದ ಮಾತಿಗೆ ಸಂಬಂಧಿಸಿದೆ. ಪರದೆಯ ಹಿಂದಿನಿಂದ ಕದ್ದು ಕೇಳಿದ್ದಾದ ಕಾರಣ ಕೈಬಿಡಲಾಗಿದೆ.)

8. ಅಂಗಡಿ ಭಾಗಕ್ಕೆ ಮಾಲೀಕರು, ಕೆಲಸಗಾರರು, ಗಿರಾಕಿಗಳು ಮಾತ್ರ ಬರಬಹುದು ಎಂದು ನಿಯಮದಲ್ಲಿದೆ. ಆದ್ದರಿಂದ ಗಿರಾಕಿಯಾಗಲು ನಿರ್ಧರಿಸಿ, ಅಂಗಿಯ ಗುಂಡಿಯೊಂದನ್ನು ಕತ್ತರಿಸಿ, ಆ ಅಂಗಿ ಹಿಡಿದು ಓಣಿ ಸುತ್ತಿ ಮುಂಬಾಗಿಲಿಗೆ ಹೋದೆ. ನನ್ನ ಸ್ಟೂಲಿನ ಮೇಲೆ ಟೇಪಣ್ಣನವರು ಕೂತಿದ್ದರು. ಅವರ ಪ್ಯಾಂಟು ಸೊಂಟದಲ್ಲಿ ಸಡಿಲ ಆಗಬೇಕಿತ್ತಂತೆ. ಕೂತವರು ಸುಮ್ಮನಿರದೆ ಹೆಂಡತಿಗೆ ಅಂದಿನ ಪತ್ರಿಕೆಯ ಸುದ್ದಿ ಹೇಳುತ್ತಿದ್ದರು, ಅದೂ ತಪ್ಪುತಪ್ಪಾಗಿ. ಮಾನ್ಯರೇ, ನನಗೆ ಹೊಟ್ಟೆ ಉರಿಯಿತು. ಹೆಂಡತಿ ನನ್ನ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ಬಿದ್ದಿದ್ದಲ್ಲ ರೀ, ಕತ್ತರೀಲಿ ಕತ್ತರಿಸಿದ್ದು."

"ಗಿರಾಕಿ ಹತ್ರ ಹೀಗಾ ಮಾತಾಡೋದು?"

"ಸರಿ ಸ್ವಾಮಿ. ಬಿಟ್ಟುಹೋಗಿ, ಶುಕ್ರವಾರ ಬನ್ನಿ."

ಆ ವಾರ ಒಂದೇ ಅಂಗಿಯಲ್ಲಿ ಕಾಲ ಕಳೆದೆ. ಶುಕ್ರವಾರ ಹೋದರೆ ಅಂಗಿ ಮಡಿಸಿ ಸಿದ್ಧವಾಗಿತ್ತು. ಕೂರಲು ಕಾರಣ ಉಳಿಯಲಿಲ್ಲ.

9. ಉಳಿದದ್ದು ಕೆಲಸಗಾರನ ದಾರಿ. ಹೆಂಡತಿಗೆ ವಿಧಿವತ್ತಾಗಿ ಅರ್ಜಿ ಬರೆದೆ. ಅವಳು ಸಂದರ್ಶನಕ್ಕೆ ಕರೆದು, ಚಾಕಿನ ಗೆರೆ ಹಾಕಿದ ಬಟ್ಟೆ ಕೊಟ್ಟು ನೇರವಾಗಿ ಕತ್ತರಿಸಲು ಹೇಳಿದಳು. ಮನಸ್ಸೆಲ್ಲ ಸ್ಟೂಲಿನ ಮೇಲಿದ್ದ ಕಾರಣ ಕತ್ತರಿಯೂ ಆ ಕಡೆಗೇ ತಿರುಗಿತು. ಅದು ಯಾರದೋ ಹೊಸ ಕೋಟಿನ ಬೆನ್ನು. ಈಗ ಆ ಕೋಟಿಗೆ ಬೆನ್ನಿನ ಮೇಲೂ ಒಂದು ಜೇಬಿದೆ.

10. ಆ ಸಂಜೆ ನಾನು ಹಿಂಬಾಗಿಲಲ್ಲೇ ಅವಳನ್ನು ತಡೆದು, "ಯಾರು ನೋಡ್ತಾರೆ? ಟೇಪಣ್ಣ ಇಲ್ಲದಾಗ ಒಂದು ಗಳಿಗೆ ಬಂದು ಕೂತರೆ ಗಂಟೇನು ಹೋಗುತ್ತೆ?" ಎಂದು ರೇಗಿದೆ. ಅವಳು ರೇಗಲಿಲ್ಲ. ಡಬ್ಬಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು.

"ಇಷ್ಟು ವರ್ಷ ಕದ್ದು ಹೊಲಿದೆ ಕಣ್ರೀ. ಯಾರಾದ್ರೂ ಕೆಮ್ಮಿದ್ರೆ ಇವತ್ತಿಗೂ ಎದೆ ಧಸಕ್ ಅನ್ನುತ್ತೆ. ಈಗ ಗೋಡೆ ಮೇಲೆ ನನ್ನ ಹೆಸರಿದೆ. ಅದಕ್ಕೇನಾದ್ರೂ ಆದ್ರೆ ಮತ್ತೆ ಕಂಬಳಿ ಹೊದಿಸೋ ಶಕ್ತಿ ನಂಗಿಲ್ಲ."

ಸೆರಗಿಗೆ ಅಂಟಿದ್ದ ದಾರ ಬಿಡಿಸುತ್ತ, "ನಂಗೂ ಬೇಜಾರಾಗುತ್ತೆ" ಅಂದಳು. "ಟೇಪಣ್ಣನ ಸುದ್ದಿ ಕೇಳೋಕಾಗಲ್ಲ. ಕೊನೆ ಏನಾಯ್ತು ಅಂತಾನೇ ಹೇಳಲ್ಲ ಆ ಮನುಷ್ಯ." ನಾನು ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಪರವಾನಗಿಗೆ ಧಕ್ಕೆ ತರುವ ಯಾವ ಕೆಲಸವನ್ನೂ ಮಾಡುವುದಿಲ್ಲವೆಂದು ಅಂದೇ ತೀರ್ಮಾನಿಸಿದೆ. ಆದ್ದರಿಂದ ಏನಾಗಬೇಕಿದ್ದರೂ ತಮ್ಮ ಕಚೇರಿಯಿಂದಲೇ ಆಗಬೇಕು.

11. ನಿಯಮದ ಬಗ್ಗೆಯೂ ಒಂದು ಮಾತು. ಹೆಸರೇನೋ ಮಿಶ್ರ ಬಳಕೆ. ಆದರೆ ಅದರಲ್ಲಿ ಮಿಶ್ರವಾಗಿರುವುದು ಏನೆಂದು ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ನನಗೆ ಸಿಗಲಿಲ್ಲ. ಅಪರಾಧವಾಗಿದ್ದ ಕಾಲದಲ್ಲಿ ನಮ್ಮ ಮನೆ ನಿಜವಾಗಿ ಮಿಶ್ರವಾಗಿತ್ತು. ಹೆಂಡತಿ ಒಲೆಯ ಮುಂದೆ ನಿಂತು ಗುಂಡಿ ಹಾಕುತ್ತಿದ್ದಳು, ಗಿರಾಕಿಗಳ ಮಕ್ಕಳು ನಮ್ಮ ಮಂಚದ ಮೇಲೆ ನಿದ್ದೆ ಮಾಡುತ್ತಿದ್ದವು, ಬೀಗದವನು ಊಟಕ್ಕೆ ಕೂರುತ್ತಿದ್ದ. ಬೀದಿಗೆಲ್ಲ ಮಿಶ್ರ ಬಳಕೆ ಕೊಡುವ ಭರದಲ್ಲಿ ತಾವು ನಮ್ಮ ಮನೆಯಲ್ಲಿದ್ದದ್ದನ್ನು ತೆಗೆದುಕೊಂಡು ಹೋದಿರಿ. ಬೆಂಕಿಯ ಭಯ, ಜನಸಂದಣಿಯ ಭಯ ತಮಗಿರಬಹುದು. ನಾನು ಬೀಡಿ ಸೇದುವುದಿಲ್ಲ, ಒಬ್ಬನೇ ಇದ್ದೇನೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ನಾನು ಮಾಲೀಕನಲ್ಲವಾದ್ದರಿಂದ, ಗಿರಾಕಿಯಾಗಿ ಉಳಿಯಲಾಗದ ಕಾರಣ, ಮತ್ತು ಕೆಲಸಗಾರನಾಗಲು ಅನರ್ಹನೆಂದು ಸಾಬೀತಾಗಿರುವ ಕಾರಣ, ನಿಯಮಗಳ ಕೊನೆಯ ಅನುಬಂಧದತ್ತ ತಮ್ಮ ಗಮನ ಸೆಳೆಯುತ್ತೇನೆ. ಅದರ ಪ್ರಕಾರ ಅಂಗಡಿಯಲ್ಲಿ ಪೀಠೋಪಕರಣ ಇಡಲು ಯಾವ ಅನುಮತಿಯೂ ಬೇಕಿಲ್ಲ. ಆದುದರಿಂದ ಅರ್ಜಿದಾರನನ್ನು ಸದರಿ ಸ್ಟೂಲಿಗೆ ಹೊಂದಿಕೊಂಡ ಪೀಠೋಪಕರಣವೆಂದು ಪರಿಗಣಿಸಿ, ಹಗಲಿನ ವೇಳೆಯಲ್ಲಿ ಯಂತ್ರದ ಎಡಗಡೆ ಇಡಲು ಹೆಂಡತಿಗೆ ಅವಕಾಶ ಕೊಡಬೇಕಾಗಿ ಕೋರುತ್ತೇನೆ. ಇಂಥ ಪೀಠೋಪಕರಣ ಮಾತಾಡಬಾರದೆಂದು ಅನುಬಂಧದಲ್ಲಿ ಎಲ್ಲೂ ಹೇಳಿಲ್ಲ.

ತಮ್ಮ ವಿಶ್ವಾಸಿ ಎಂದು ಬರೆಯುವಷ್ಟು ವಿಶ್ವಾಸ ಇನ್ನೂ ಉಳಿಸಿಕೊಂಡಿರುವ,
ಗೆರೆಯ ಹಿಂದಿನವನು

ಅಡಕಗಳು:
(ಅ) ಸ್ಟೂಲಿನ ಉದ್ದಗಲ, ಎತ್ತರ. (ಹೆಂಡತಿ ಅಳೆದುಕೊಟ್ಟದ್ದು.)
(ಆ) ಕುಳಿತ ಭಂಗಿಯಲ್ಲಿ ಅರ್ಜಿದಾರನ ಉದ್ದಗಲ, ಎತ್ತರ. (ಸದರಿಯವಳೇ ಅಳೆದದ್ದು. ಅಳೆಯುವಾಗ ನಕ್ಕಳು.)
(ಇ) ಬೀಗ ರಿಪೇರಿಯವನ ಹೇಳಿಕೆ: "ಇವರು ಸ್ಟೂಲ್ ಮೇಲೆ ಕೂರೋಕೆ ಮುಂಚೆ ಅಂಗಡೀಲಿ ಜಾಗ ಇತ್ತು, ಕೂತ್ಮೇಲೂ ಇತ್ತು."
(ಈ) ಪರವಾನಗಿದಾರಳ ಒಪ್ಪಿಗೆ ಪತ್ರ. ಅದರಲ್ಲಿ "ಇರಲಿ" ಎಂದು ಮಾತ್ರ ಇದೆ. ಸಹಿ ಅವಳದೇ.

ವಿಶೇಷ ಸೂಚನೆ: ಮಿಶ್ರ ಬಳಕೆ ಕಟ್ಟಡಗಳಿಗೆ ತಮ್ಮ ಕಚೇರಿಯಿಂದ ಬರುವ ಪತ್ರಗಳನ್ನು ಅಂಗಡಿಯ ಮೇಜಿನ ಬಳಿಯೇ ಕೊಡತಕ್ಕದ್ದು, ವಿಳಾಸದಾರ ಖುದ್ದು ಬಂದು ಪೂರ್ತಿ ಓದಿ ಸಹಿ ಹಾಕತಕ್ಕದ್ದು ಎಂದು ನಿಯಮವಿದೆ. ಆದ್ದರಿಂದ ಈ ಅರ್ಜಿಯನ್ನು ತಾವು ತಿರಸ್ಕರಿಸುವುದೇ ಆದಲ್ಲಿ, ದಯವಿಟ್ಟು ಒಂದೇ ಪತ್ರದಲ್ಲಿ ತಿರಸ್ಕರಿಸಬೇಡಿ. ಒಂದೊಂದು ಅಂಶವನ್ನು ಒಂದೊಂದು ದಿನ, ಆದಷ್ಟು ವಿವರವಾಗಿ, ಕೈಬಿಟ್ಟಿರುವ ಏಳನೆಯದನ್ನೂ ಸೇರಿಸಿ ತಿರಸ್ಕರಿಸಿ. ಓದುವಾಗ ನನಗೆ ಅವಸರವಿರುವುದಿಲ್ಲ.